ಕೊಲೆ, ನರಹತ್ಯೆ ಮತ್ತು ಮನಸ್ಸಿನ ತೂಕ

ಪ್ರಾಣ ಹೋದ ಮೇಲೆ ಕೊಲೆಯೆಂದರೇನು, ನರಹತ್ಯೆಯೆಂದರೇನು? ಸತ್ತವನಿಗೆ ಎರಡೂ ಒಂದೇ ಅಲ್ಲವೇ? ಈ ಪ್ರಶ್ನೆ ಶ್ರಾವಕರಲ್ಲಿ ಸಹಜವಾಗಿಯೇ ಏಳುತ್ತದೆ. 2023ರ ಜುಲೈ ತಿಂಗಳಲ್ಲಿ ನಮ್ಮ ಚಿಕ್ಕೋಡಿ ತಾಲೂಕಿನ ಹಿರೇಕೋಡಿಯ ಆಚಾರ್ಯ ಶ್ರೀ ಕಾಮಕುಮಾರನಂದಿ ಮಹಾರಾಜರ ಹತ್ಯೆಯಾಗಿ, ಅವರ ದೇಹವನ್ನು ರಾಯಬಾಗ ತಾಲೂಕಿನ ಕೊಳವೆಬಾವಿಯಿಂದ ಹೊರತೆಗೆದಾಗ ಸಮಾಜದ ದುಃಖಕ್ಕೆ ಮಿತಿಯಿರಲಿಲ್ಲ. ಅಂಥ ವೇಳೆಯಲ್ಲಿ ಕಾನೂನಿನ ಸೂಕ್ಷ್ಮ ಭೇದಗಳು ಕೊಂದವನಿಗೆ ತೋರಿದ ದಾಕ್ಷಿಣ್ಯದಂತೆ ಕಾಣುವುದುಂಟು. ವಿಚಾರಿಸಿ ನೋಡಿದರೆ ಹಾಗಲ್ಲ.

1860ರ ಭಾರತೀಯ ದಂಡ ಸಂಹಿತೆಯ 299 ಮತ್ತು 300ನೆಯ ಕಲಮುಗಳು ಹೇಳಿದ್ದ ಈ ಭೇದವೇ 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ 100 ಮತ್ತು 101ನೆಯ ಕಲಮುಗಳಾಗಿದೆ. ಅಪರಾಧಿಕ ನರಹತ್ಯೆ ದೊಡ್ಡ ವರ್ಗ. ಕೊಲೆ ಅದರೊಳಗಿನ ಘೋರತರ ಪ್ರಕಾರ. ಕೊಲ್ಲುವ ಉದ್ದೇಶದಿಂದಾದ ಸಾವು ಸಾಮಾನ್ಯವಾಗಿ ಕೊಲೆ. ಅದಕ್ಕೆ ಮರಣದಂಡನೆ ಅಥವಾ ಜೀವಾವಧಿ ಸೆರೆ. ಆದರೆ ಹೊಲದ ಬದುವಿಗಾಗಿ ಹಠಾತ್ತನೆ ಜಗಳ ಹೊತ್ತಿಕೊಂಡು, ಪೂರ್ವಸಂಕಲ್ಪವಿಲ್ಲದೆ ಆವೇಶದಲ್ಲಿ ಬಿದ್ದ ಏಟಿನಿಂದ ಸಾವಾದರೆ, ಹೊಡೆದವನು ಅನುಚಿತ ಲಾಭ ಪಡೆಯದೆ, ಕ್ರೂರವಾಗಿಯೂ ವರ್ತಿಸದಿದ್ದರೆ, ಅದು ಕೊಲೆಯ ಮಟ್ಟಕ್ಕೇರದ ನರಹತ್ಯೆ. ಅದೂ ಅಪರಾಧವೇ. ಉದ್ದೇಶವಿದ್ದಲ್ಲಿ 105ನೆಯ ಕಲಮಿನಂತೆ 5ರಿಂದ 10 ವರ್ಷ ಅಥವಾ ಜೀವಾವಧಿ ಸೆರೆಯುಂಟು.

ಮನಸ್ಸನ್ನು ಕಂಡವರಾರು? ನ್ಯಾಯಾಲಯವು ಆಯುಧ, ಗಾಯದ ಸ್ಥಾನ, ಏಟಿನ ಬಲ, ಮುಂಚಿನ ಸಿದ್ಧತೆ ಇವುಗಳಿಂದ ಅದನ್ನು ಊಹಿಸಬೇಕು. 1958ರ ವಿರ್ಸಾ ಸಿಂಗ್ ಪ್ರಕರಣದಲ್ಲಿ ಇದ್ದದ್ದು ಭರ್ಜಿಯ ಒಂದೇ ತಿವಿತ. ಆದರೂ ಸಾವು ತರಲು ಸಾಕಾಗುವ ಗಾಯವನ್ನೇ ಬೇಕೆಂದು ಮಾಡಿದ್ದರಿಂದ ಸರ್ವೋಚ್ಚ ನ್ಯಾಯಾಲಯವು ಅದನ್ನು ಕೊಲೆಯೆಂದೇ ಎಣಿಸಿತು.

ಜೈನಾಚಾರ್ಯರೂ ಹಿಂಸೆಯನ್ನು ಅಳೆದದ್ದು ಭಾವದಿಂದಲೇ. ಪ್ರಮಾದದಿಂದ ಕೂಡಿದ ಪ್ರಾಣಘಾತವೇ ಹಿಂಸೆಯೆಂಬುದು ತತ್ತ್ವಾರ್ಥಸೂತ್ರದ ನಿಲುವು. ಜನ್ನನ ‘ಯಶೋಧರ ಚರಿತೆ’ಯಲ್ಲಿ ರಾಜನು ಬಲಿಕೊಟ್ಟದ್ದು ಹಿಟ್ಟಿನ ಕೋಳಿಯನ್ನು, ಆ ಸಂಕಲ್ಪಕ್ಕಾಗಿ ಅವನು ಜನ್ಮಜನ್ಮಾಂತರ ಬಳಲಿದನು. ಇಲ್ಲಿಯೇ ಎರಡು ದಾರಿಗಳು ಅಗಲುತ್ತವೆ. ಕಾನೂನು ಕೃತ್ಯವಿಲ್ಲದ ಬರಿಯ ಭಾವವನ್ನು ದಂಡಿಸಲಾರದು; ಕರ್ಮವು ಬಿಡಲಾರದು. ಆದುದರಿಂದ ಕಡಿಮೆ ಶಿಕ್ಷೆಯ ಕಲಮು ದೊರೆತವನು ತನ್ನ ಋಣ ತೀರಿತೆಂದು ತಿಳಿಯಬಾರದು.

ಹಾಗೆಯೇ ನಮ್ಮ ಮೇಲೂ ಒಂದು ಹೊಣೆಯಿದೆ. ಮೊತ್ತ ಸರಿಯಿದ್ದರೂ ತಪ್ಪು ಖಾತೆಗೆ ಬರೆದ ಲೆಕ್ಕ ಸುಳ್ಳು ಲೆಕ್ಕವೇ ಎಂಬುದನ್ನು ವ್ಯಾಪಾರಿಗಳಾದ ನಾವು ಬಲ್ಲೆವು. ‘ಇವನನ್ನು ಮುಗಿಸಿಯೇ ಬಿಡುತ್ತೇನೆಂದು ಅವನು ಮೊದಲೇ ಹೇಳಿದ್ದ’ ಎಂದು ಸಾಕ್ಷಿಯೊಬ್ಬನು ಕೇಳದ ಮಾತನ್ನು ಸೇರಿಸಿದರೆ ನರಹತ್ಯೆ ಕೊಲೆಯಾಗಬಹುದು. ಕೇಳಿದ್ದನ್ನು ನುಂಗಿಕೊಂಡರೆ ಕೊಲೆ ನರಹತ್ಯೆಯಾಗಬಹುದು. ಸತ್ತವನು ನಮ್ಮವನೆಂದೋ, ಕೊಂದವನು ನಮ್ಮವನೆಂದೋ ಹೀಗೆ ಮಾಡುವವನು ಸತ್ಯಾಣುವ್ರತವನ್ನು ಮುರಿದಂತೆಯೇ. ಹಿರೇಕೋಡಿಯಂಥ ಘೋರ ಪ್ರಕರಣದಲ್ಲಿಯೂ ಆರೋಪಿಗಳ ಹೊಣೆಯನ್ನು ನಿರ್ಣಯಿಸಬೇಕಾದದ್ದು ಸಾಕ್ಷ್ಯವೇ ಹೊರತು ನಮ್ಮ ಕ್ರೋಧವಲ್ಲ. ಕ್ರೋಧವೂ ಒಂದು ಕಷಾಯ. ಕೊಂದವನ ಮನಸ್ಸನ್ನು ತೂಗುವ ಕೈ ಮೊದಲು ತಾನು ನಡುಗದಂತಿರಬೇಕು.