ವಿವೇಕ: ತತ್ತ್ವದಲ್ಲಿ, ವ್ಯವಹಾರದಲ್ಲಿ

ವಿವೇಕವೆಂದರೆ ಬೆರೆತುಕೊಂಡಿರುವುದನ್ನು ಬಿಡಿಸಿ ಗುರುತಿಸುವ ಶಕ್ತಿ. ಶಂಕರರ ಪರಂಪರೆ ಹೇಳುವ ಸಾಧನ ಚತುಷ್ಟಯದಲ್ಲಿ, ಅಂದರೆ ಮೋಕ್ಷಕ್ಕೆ ಬೇಕಾದ ನಾಲ್ಕು ಸಾಧನಗಳಲ್ಲಿ, ನಿತ್ಯಾನಿತ್ಯವಸ್ತುವಿವೇಕವೇ ಮೊದಲನೆಯದು. ವೈರಾಗ್ಯ, ಶಮದಮಾದಿಗಳು, ಮುಮುಕ್ಷುತ್ವ ಅದರ ಬೆನ್ನಿಗೆ ಬರುತ್ತವೆ. ದ್ವೈತದಲ್ಲಿ ವಿವೇಕದ ಕೆಲಸ ಬೇರೆ: ಈಶ್ವರ, ಜೀವ, ಜಡಗಳ ನಡುವಣ ಐದು ಬಗೆಯ ಭೇದವನ್ನು ಅರಿಯುವುದು. ಮಧ್ವಾಚಾರ್ಯರ ಪ್ರಕರಣ ಗ್ರಂಥವೊಂದರ ಹೆಸರೇ ತತ್ತ್ವವಿವೇಕ. 15ನೆಯ ಶತಮಾನದಲ್ಲಿ ಕೋಲಾರ ಸೀಮೆಯ ಮುಳಬಾಗಿಲು ಈ ಶಾಸ್ತ್ರದ ದೊಡ್ಡ ನೆಲೆ; ವ್ಯಾಸತೀರ್ಥರು ಶ್ರೀಪಾದರಾಜರ ಬಳಿ ಓದಿದ್ದು ಅಲ್ಲಿಯೇ. ಸಂಸ್ಕೃತದಲ್ಲಿ ವಾಗ್ವಜ್ರವೆಂಬ ಗ್ರಂಥ ಬರೆದ ಶ್ರೀಪಾದರಾಜರು ರಂಗವಿಠಲ ಅಂಕಿತದ ಕನ್ನಡ ಕೀರ್ತನೆಗಳನ್ನೂ ರಚಿಸಿದ್ದರಿಂದ ಪಂಡಿತರ ವಿಷಯ ಜನರ ಬಾಯಿಗೂ ಬಂತು.

ಆದರೆ ನಿತ್ಯ ಯಾವುದು, ಅನಿತ್ಯ ಯಾವುದು ಎಂದು ತಿಳಿದವನಿಗೂ ನಾಳೆ ಬೆಳಗ್ಗೆ ಏನು ಮಾಡಬೇಕೆಂಬುದು ತಿಳಿದಿರಬೇಕೆಂದಿಲ್ಲ. ಎರಡು ಕರ್ತವ್ಯಗಳು ಎದುರುಬದುರಾದಾಗ ಯಾವ ನಿಯಮವೂ ಪೂರ್ತಿ ನೆರವಿಗೆ ಬಾರದು. ಇಂಗ್ಲಿಷಿನಲ್ಲಿ ಪ್ರೂಡೆನ್ಸ್ ಎನ್ನುವ ವ್ಯವಹಾರ ವಿವೇಕ ಬೇಕಾಗುವುದು ಈ ಜಾಗದಲ್ಲಿ. ಹುಡುಗರು ಗಣಿತದಲ್ಲಿ ನಿಪುಣರಾಗಬಹುದು, ಇದರಲ್ಲಿ ಆಗಲಾರರು, ಇದಕ್ಕೆ ಅನುಭವ ಬೇಕು ಎಂಬುದು ಅರಿಸ್ಟಾಟಲನ ಅಭಿಪ್ರಾಯ. ಈಚೆಗೆ ಆ ಪದಕ್ಕೆ ತನ್ನ ಲಾಭ ನೋಡಿಕೊಳ್ಳುವ ಜಾಣತನವೆಂಬ ಅರ್ಥವೂ ಅಂಟಿಕೊಂಡಿದೆ; ಅದನ್ನು ಅವನತಿಯೆಂದೇ ಎಣಿಸಬೇಕು.

ಮುಳಬಾಗಿಲಿನಲ್ಲಿಯೇ 1887ರಲ್ಲಿ ಹುಟ್ಟಿದ ಡಿ.ವಿ. ಗುಂಡಪ್ಪನವರು ಈ ಎರಡು ವಿವೇಕಗಳನ್ನು ಬೇರೆಯಿಡಲಿಲ್ಲ. 1943ರ ಮಂಕುತಿಮ್ಮನ ಕಗ್ಗದಲ್ಲಾಗಲಿ, ಗೀತೆಯನ್ನು ಕುರಿತ ಜೀವನಧರ್ಮಯೋಗದಲ್ಲಾಗಲಿ ಸಂಸಾರಕ್ಕೆ ಬೆನ್ನು ತಿರುಗಿಸುವುದಕ್ಕೆ ಮೆಚ್ಚುಗೆಯಿಲ್ಲ. ಬ್ರಹ್ಮವನ್ನು ನಂಬಿದವನು ಮನೆ, ಊರು, ರಾಜ್ಯಗಳ ಋಣವನ್ನು ಇನ್ನಷ್ಟು ಎಚ್ಚರದಿಂದ ತೀರಿಸಬೇಕೆಂಬುದು ಅವರ ನಿಲುವು. ಪತ್ರಕರ್ತರಾಗಿದ್ದ ಅವರು 1945ರಲ್ಲಿ ಬೆಂಗಳೂರಿನಲ್ಲಿ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆಯನ್ನು ಕಟ್ಟಿದ್ದರ ಹಿಂದೆಯೂ ಪ್ರಜೆಯ ವಿವೇಕ ತಾನಾಗಿ ಬೆಳೆಯದು, ಓದು ಚರ್ಚೆಗಳಿಂದ ಅದನ್ನು ಬೆಳೆಸಬೇಕು ಎಂಬ ನಂಬಿಕೆಯಿತ್ತು.

ವಿವೇಕದ ಬಿಕ್ಕಟ್ಟನ್ನು ಕಥೆಯಾಗಿ ನೋಡಬೇಕೆನ್ನುವವರಿಗೆ ಮಾಲೂರು ತಾಲ್ಲೂಕಿನ ಮಾಸ್ತಿ ವೆಂಕಟೇಶ ಅಯ್ಯಂಗಾರರ ಚಿಕವೀರ ರಾಜೇಂದ್ರ ಕಾದಂಬರಿಯಿದೆ. ಕೊಡಗಿನ ಕೊನೆಯ ದೊರೆಯ ಅವಿವೇಕ ಯಾರ ಕಣ್ಣಿಗೂ ಬೀಳುವಂಥದು. ಓದುಗನನ್ನು ಕಾಡುವವನು ಮಂತ್ರಿ ಬೋಪಣ್ಣ. ಉಪ್ಪಿನ ಋಣ ಒಂದು ಕಡೆ, ಪ್ರಜೆಗಳ ಕ್ಷೇಮ ಇನ್ನೊಂದು ಕಡೆ. ಅವನು ಎರಡನೆಯದನ್ನು ಹಿಡಿದ. 1834ರಲ್ಲಿ ದೊರೆಯ ದುರಾಡಳಿತ ತೊಲಗಿತು, ಈಸ್ಟ್ ಇಂಡಿಯಾ ಕಂಪನಿಯ ಆಡಳಿತ ಬಂತು. ಫಲವನ್ನು ನೋಡಿ ಬೋಪಣ್ಣನನ್ನು ಅವಿವೇಕಿಯೆನ್ನುವುದು ಸುಲಭ. ಆದರೆ ಆ ಹೊತ್ತಿನಲ್ಲಿ ಅವನಿಗೆ ತಿಳಿದಿದ್ದಷ್ಟನ್ನೇ ಇಟ್ಟುಕೊಂಡು ತೂಗಿದರೆ ತೀರ್ಪು ಹಾಗೆ ಬರಲಾರದು.