ಅಂದಕ್ಕಾಗಿ ಉಸಿರು ಕಟ್ಟಿಸಬೇಡಿ



ಚಪ್ಪಟೆ ಮೂತಿಯ ಪಗ್ ನಾಯಿಯನ್ನು 2003ರ ಮೊಬೈಲ್ ಜಾಹೀರಾತು ಮನೆಮಾತಾಗಿಸಿತು. ಆ ಮುದ್ದು ಮುಖ ಮನುಷ್ಯನೇ ಆರಿಸಿ ತಳಿ ಮಾಡಿದ್ದು. ಮೂತಿ ಗಿಡ್ಡಾಯಿತು, ಹೊಳ್ಳೆ ಕಿರಿದಾಯಿತು. ಒಳಗಿನ ಅಂಗುಳ ಮಾತ್ರ ಅಷ್ಟು ಕುಗ್ಗದೆ ಉಸಿರಿಗೆ ಅಡ್ಡ ಬಂತು. ನಾಯಿ ತೇಕಿಯೇ ಮೈ ತಣಿಸಿಕೊಳ್ಳಬೇಕು. ಬಿಸಿಲಲ್ಲಿ ಅದು ಸಂಕಟಪಟ್ಟರೆ ನಾವು ಗೊರಕೆಯೆಂದು ನಗುತ್ತೇವೆ.

ಬೀಜದ ಹೋರಿಗೆ ಅದರ ಮಗಳನ್ನೇ ಕೂಡಿಸಬಾರದೆಂದು ಬಲ್ಲ ರೈತರು ನಾವು. ನಾಯಿ ವ್ಯಾಪಾರದಲ್ಲಿ ಆ ವಿವೇಕ ಮರೆಯುವುದೇಕೆ? 2017ರ ಕೇಂದ್ರ ನಿಯಮದಂತೆ 18 ತಿಂಗಳು ತುಂಬದ ಹೆಣ್ಣುನಾಯಿಗೆ ಗರ್ಭ ಕಟ್ಟಿಸುವಂತಿಲ್ಲ, 8 ವಾರ ತುಂಬದ ಮರಿ ಮಾರುವಂತಿಲ್ಲ.

ನಾನು ಲೆಕ್ಕ ಬರೆಯುವವನು. ಮೂಕಜೀವಿಯ ನೋವಿನ ಹಣ ಖಾತೆಯಲ್ಲಿ ಜಮೆ, ಧರ್ಮದಲ್ಲಿ ಖರ್ಚು. ಕಾಯಕ ಶುದ್ಧವಿರಲಿ. ಮನೆ ಕಾಯಲು ಊರ ನಾಯಿಯೇ ಸಾಕು.