ಅಂಟಿಗೆ ಮೊದಲು ತೇವ



ಚಿತ್ರದುರ್ಗ ತಾಲ್ಲೂಕಿನ ಸಿರಿಗೆರೆಯ ಕಡೆ ಬೇಸಿಗೆ ಕಳೆದವರಿಗೆ ಆ ಬಯಲುಸೀಮೆಯ ಒಣಹವೆ ಎಂಥದೆಂದು ಗೊತ್ತು. ಮಾರ್ಚ್, ಏಪ್ರಿಲ್ ಬಂತೆಂದರೆ ಬತ್ತಿದ ಕೆರೆಯಂಗಳ ಬಿರಿಯುತ್ತದೆ. ಬಾಗಿಲ ಮರ ಕುಗ್ಗಿ ಸಂದು ಬಿಡುತ್ತದೆ. ಗೋಡೆಗೆ ತೂಗುಹಾಕಿದ ಗಿಟಾರಿಗೂ ಅದೇ ಗತಿ. ಭಾನುವಾರದ ಬಲಿಪೂಜೆಗೆಂದು ಗಾನವೃಂದದ ಹುಡುಗ ಅದನ್ನು ಕೈಗೆತ್ತಿಕೊಂಡಾಗ ಮುಂದಿನ ಹಲಗೆಯಲ್ಲಿ ಕೂದಲೆಳೆಯಷ್ಟು ಸೀಳು ಕಾಣಿಸುತ್ತದೆ.

"ಯಾರು ಬೀಳಿಸಿದಿರಿ?" ಎಂದು ಮನೆಯಲ್ಲಿ ವಿಚಾರಣೆ ಶುರುವಾಗುತ್ತದೆ. ಯಾರೂ ಬೀಳಿಸಿರುವುದಿಲ್ಲ. ಸ್ಪ್ರೂಸ್ ಅಥವಾ ಸೀಡರ್ ಮರದ ಆ ಹಲಗೆಯ ದಪ್ಪ 3 ಮಿಲಿಮೀಟರಿನ ಆಸುಪಾಸು. ಒಣಗಿದ ಮರ ಅಡ್ಡಕ್ಕೆ ಕುಗ್ಗುತ್ತದೆ. ಒಳಗೆ ಅಂಟಿಸಿದ ಪಟ್ಟಿಗಳು ಕುಗ್ಗಲು ಬಿಡುವುದಿಲ್ಲ. ಮೇಲೆ ಆರು ಉಕ್ಕಿನ ತಂತಿಗಳ ಸುಮಾರು 70 ಕಿಲೋ ಎಳೆತ ಬೇರೆ. ಕೊನೆಗೆ ಹಲಗೆ ತನ್ನ ಎಳೆಯ ಗುಂಟ ಸೀಳುತ್ತದೆ.

ನಮ್ಮ ಮನೆಗಳ ಬಿರುಕೂ ಹೆಚ್ಚಾಗಿ ಹೀಗೆಯೇ ಅಲ್ಲವೇ? ಅಣ್ಣತಮ್ಮಂದಿರು ಒಂದೇ ದಿನದಲ್ಲಿ ದೂರವಾಗುವುದಿಲ್ಲ. ಜಮೀನಿನ ಪಾಲು ನೆಪ ಮಾತ್ರ. ಅದಕ್ಕೂ ಮೊದಲೇ ಊಟಕ್ಕೆ ಕರೆಯುವುದು ನಿಂತಿರುತ್ತದೆ, ಜ್ವರ ಬಂದಾಗ ವಿಚಾರಿಸುವುದು ನಿಂತಿರುತ್ತದೆ. ತೇವ ಆರಿದ್ದು ಯಾರ ಕಣ್ಣಿಗೂ ಬಿದ್ದಿರುವುದಿಲ್ಲ.

ಆತುರಗಾರರು ಸೀಳಿಗೆ ತಟ್ಟನೆ ಸೂಪರ್ ಗ್ಲೂ ಸುರಿದುಬಿಡುತ್ತಾರೆ. ಮಳೆಗಾಲದಲ್ಲಿ ಮರ ಮತ್ತೆ ಹಿಗ್ಗುವಾಗ ಅದಕ್ಕೆ ಜಾಗವಿಲ್ಲದೆ ಪಕ್ಕದಲ್ಲಿ ಹೊಸ ಒತ್ತಡ ಹುಟ್ಟುತ್ತದೆ. ಬಲ್ಲವರು ಹಾಗೆ ಮಾಡುವುದಿಲ್ಲ. ಮೊದಲು ಬಿರಡೆ ತಿರುಗಿಸಿ ತಂತಿಗಳನ್ನು ಸಡಿಲಿಸುತ್ತಾರೆ. ತೂತು ಕೊರೆದ ಸೋಪಿನ ಡಬ್ಬಿಯಲ್ಲಿ ಹಿಂಡಿದ ಒದ್ದೆ ಸ್ಪಂಜನ್ನಿಟ್ಟು, ನೀರು ಮರಕ್ಕೆ ತಾಗದಂತೆ ಗಿಟಾರಿನ ಜೊತೆ ಪೆಟ್ಟಿಗೆಯಲ್ಲಿ ಮುಚ್ಚಿಡುತ್ತಾರೆ. ಕೆಲವು ದಿನ, ಒಮ್ಮೊಮ್ಮೆ ವಾರಗಳೇ ಕಾಯುತ್ತಾರೆ. ಸೀಳಿನ ಎರಡು ತುಟಿಗಳು ತಾವಾಗಿ ಹತ್ತಿರ ಬರುತ್ತವೆ. ಆಮೇಲೆ ಮರದ ಅಂಟನ್ನು ಬೆರಳಿನಿಂದ ಮೆಲ್ಲಗೆ ಒತ್ತಿ ಒತ್ತಿ ಒಳಕ್ಕೆ ಇಳಿಸಿ, ಹೆಚ್ಚಾದದ್ದನ್ನು ಒದ್ದೆ ಬಟ್ಟೆಯಿಂದ ಒರೆಸಿ, ಒಂದು ದಿನ ಅಲುಗದಂತೆ ಬಿಡುತ್ತಾರೆ. ಒಳಬದಿಯಲ್ಲಿ ಸೀಳಿಗೆ ಅಡ್ಡಲಾಗಿ ತೆಳು ಮರದ ಸಣ್ಣ ತೇಪೆಗಳನ್ನು ಅಂಟಿಸುತ್ತಾರೆ. ಹೊರಗಿನವರಿಗೆ ಅವು ಕಾಣುವುದಿಲ್ಲ.

ಅಂಟಿಗೆ ಮೊದಲು ತೇವ, ತೇವಕ್ಕೂ ಮೊದಲು ಸಡಿಲಿಕೆ. ನಾವು ಇದನ್ನೇ ತಿರುವುಮುರುವು ಮಾಡುತ್ತೇವೆ. ಹಿರಿಯರನ್ನು ಕೂಡಿಸಿ, ಪಂಚಾಯಿತಿ ಮಾಡಿ, ಕೈಕುಲುಕಿಸಿ, "ಇನ್ನು ಎಲ್ಲ ಸರಿಹೋಯಿತು" ಎನ್ನುತ್ತೇವೆ. ಹಟದ ತಂತಿಗಳು ಮಾತ್ರ ಹಾಗೆಯೇ ಬಿಗಿಯಾಗಿರುತ್ತವೆ. ಕಾಣಿಕೆಯನ್ನು ಪೀಠದ ಮುಂದೆಯೇ ಬಿಟ್ಟು ಮೊದಲು ಸಹೋದರನೊಡನೆ ರಾಜಿಯಾಗಲು ಹೋಗುವಂತೆ ಪ್ರಭು ಯೇಸು ಹೇಳಿದ್ದಾರೆ (ಮತ್ತಾಯ 5:23-24). ಅವರೇ ಬಡಗಿ. ಮರದ ಗುಣ ಬಲ್ಲವರು.

ಒಂದು ಎಚ್ಚರಿಕೆಯ ಮಾತು. ಹಲಗೆಯ ಒಳಪಟ್ಟಿಯೇ ಕಳಚಿದ್ದರೆ ಮನೆಯಲ್ಲಿ ಕೈಹಾಕಬಾರದು, ಕಸುಬು ಬಲ್ಲವರಿಗೆ ಒಪ್ಪಿಸಬೇಕು. ಹಾಗೆಯೇ ಹೊಡೆತ ಬಡಿತವಿರುವ ಮನೆಯ ಹೆಣ್ಣುಮಗಳಿಗೆ "ಹೊಂದಿಕೊಂಡು ಹೋಗಮ್ಮ" ಎಂದು ಬುದ್ಧಿ ಹೇಳುವುದು ದುರಸ್ತಿಯಲ್ಲ. ಆಕೆಗೆ ಮೊದಲು ಬೇಕಾದದ್ದು ರಕ್ಷಣೆ.

ದುರಸ್ತಿಯಾದ ಗಿಟಾರಿನ ಮೇಲೆ ಸಣ್ಣ ಗೆರೆಯೊಂದು ಉಳಿದೇ ಉಳಿಯುತ್ತದೆ. ನಾಚಿಕೆ ಬೇಡ. ಪುನರುತ್ಥಾನರಾದ ಪ್ರಭುವಿನ ಕೈಗಳಲ್ಲೂ ಗಾಯದ ಗುರುತುಗಳಿದ್ದವು. ಸೀಳು ಕೂಡಿದ ಹಲಗೆ ಮತ್ತೆ ನಾದ ಕೊಡುತ್ತದೆ.

ಈ ವಾರ ನೀವು ಮಾತು ಬಿಟ್ಟವರೊಬ್ಬರನ್ನು ನೆನೆಯಿರಿ. ತಪ್ಪು ಯಾರದೆಂದು ಚರ್ಚಿಸಲು ಹೋಗಬೇಡಿ. "ಹೇಗಿದ್ದೀರಿ, ಊಟ ಆಯಿತೇ?" ಎಂದಷ್ಟೇ ಕೇಳಿ. ಉತ್ತರ ಬರದಿದ್ದರೆ ಮುಂದಿನ ವಾರವೂ ಕೇಳಿ. ತೇವ ಇಳಿಯಲು ಸಮಯ ಹಿಡಿಯುತ್ತದೆ. ಮೊದಲ ಹನಿ ನಿಮ್ಮದಾಗಲಿ.